ಮಂಡೆಬೆಚ್ಚವೂ ಅಲ್ಲ, ಮರ್ಲೂ ಅಲ್ಲ



ಮಂಗಳೂರಿನಲ್ಲಿ ಮಂಡೆಬೆಚ್ಚ ಇಲ್ಲದವರು ಯಾರಿದ್ದಾರೆ ಹೇಳಿ. ಮಗಳ ಸಂಬಂಧ ಕುದುರದಿದ್ದರೆ ಮಂಡೆಬೆಚ್ಚ, ಪಂಪ್‌ವೆಲ್‌ನಲ್ಲಿ ಬ್ಲಾಕ್ ಆದರೆ ಮಂಡೆಬೆಚ್ಚ. ಅದು ಕಾಯಿಲೆಯಲ್ಲ, ಕಾರಣ ಹೋದರೆ ಮಂಡೆ ತಣ್ಣಗಾಗುತ್ತದೆ. ಇನ್ನೊಂದು ತುದಿಯಲ್ಲಿ ತುಳುವಿನ 'ಮರ್ಲ್' ಇದೆ. ಆ ಮಾತು ಕೇಳಿದೊಡನೆ ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಕಿರುಚುವವನೇ ನಮ್ಮ ಕಣ್ಣಿಗೆ ಬರುತ್ತಾನೆ. ಈ ಎರಡರ ನಡುವೆ, ಮನೆಯೊಳಗೇ ಸದ್ದಿಲ್ಲದೆ ಕುಳಿತವರ ಬಗ್ಗೆ ಇವತ್ತು ಮಾತಾಡುತ್ತೇನೆ.

ಗುರುತು ಬದಲಿಸಿ ಒಂದು ಮನೆಯ ಸಂಗತಿ ಹೇಳುತ್ತೇನೆ. ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗ. ಬೆಳಿಗ್ಗೆ ಗಂಜಿಗೆ ಕುಚ್ಚಲಕ್ಕಿ ಅಳೆಯಲು ತಾಯಿ ಡಬ್ಬಿಗೆ ಕೈಹಾಕಿದರೆ ಒಳಗೆ ಅವನ ಮೊಬೈಲ್, ಬೆಳ್ಳಿಕಾಗದದಲ್ಲಿ ಸುತ್ತಿಟ್ಟದ್ದು. "ಮೆಲ್ಲ ಮಾತಾಡಮ್ಮ, ಅವರಿಗೆ ಕೇಳ್ತದೆ" ಅಂದನಂತೆ. ಅಂದೇ ನನ್ನ ಬಳಿಗೆ ಕರೆದುಕೊಂಡು ಬಂದರು. ಕೂತು ಹಿಂದಿನದನ್ನೆಲ್ಲ ಕೆದಕಿದಾಗ ಗೊತ್ತಾಯಿತು, ಒಂದೂವರೆ ವರ್ಷದಿಂದ ಅವನು ಸ್ನೇಹಿತರ ಫೋನ್ ಎತ್ತುತ್ತಿರಲಿಲ್ಲ, ಸ್ನಾನಕ್ಕೂ ಹೇಳಿ ಹೇಳಿ ಕಳಿಸಬೇಕಿತ್ತು, ಅಜ್ಜ ತೀರಿಹೋದ ದಿನವೂ ಮುಖದಲ್ಲಿ ಏನೂ ಕಾಣಲಿಲ್ಲ. ಮನೆಯವರು ಅದಕ್ಕೆ ಇಟ್ಟ ಹೆಸರು 'ಉದಾಸೀನ'. ನಮ್ಮ ಕಡೆ ಉದಾಸೀನ ಎಂದರೆ ಸೋಮಾರಿತನ ತಾನೇ? ಬೈದು ಸರಿಮಾಡಲು ನೋಡಿದ್ದರು.

ಸ್ಕಿಜೋಫ್ರೇನಿಯಾ ಅನೇಕರಲ್ಲಿ ಹೀಗೆಯೇ ಕಾಲಿಡುತ್ತದೆ. ಯಾರೂ ಇಲ್ಲದಾಗ ದನಿ ಕೇಳುವುದು, ಯಾರೋ ಹೊಂಚು ಹಾಕಿದ್ದಾರೆಂಬ ಅಲುಗಾಡದ ನಂಬಿಕೆ, ಮಾತಿನ ಎಳೆ ತಪ್ಪುವುದು, ಇವು ಎದ್ದು ಕಾಣುತ್ತವೆ. ಆಸೆ, ಮಾತು, ಭಾವ ಒಂದೊಂದೇ ಬತ್ತುವುದು ಕಾಣುವುದಿಲ್ಲ. ಶುರುವಾಗುವುದು ಹೆಚ್ಚಾಗಿ ಹದಿಹರೆಯದ ಕೊನೆ, ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ಹಾಸ್ಟೆಲಿನ ವಯಸ್ಸಿನಲ್ಲಿ. ತಂದೆತಾಯಿ ಬೆಳೆಸಿದ ರೀತಿಯ ತಪ್ಪಲ್ಲ. ವಂಶವಾಹಿಯ ಪಾಲು ದೊಡ್ಡದು, ಆದರೆ ಅದೇ ಪೂರ್ತಿಯಲ್ಲ: ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರಲೇಬೇಕೆಂದಿಲ್ಲ. ಎಳೆ ವಯಸ್ಸಿನ ಗಾಂಜಾ ಅಪಾಯವನ್ನು ಹೆಚ್ಚಿಸುತ್ತದೆ. ಕಾಲೇಜುಗಳ ಊರಿನಲ್ಲಿ ಇದನ್ನು ಒತ್ತಿ ಹೇಳಬೇಕು.

'ಆಪ್ತಮಿತ್ರ' ಸಿನಿಮಾದ ನಾಗವಲ್ಲಿಯನ್ನು ನೋಡಿ ಇದೇ ಸ್ಕಿಜೋಫ್ರೇನಿಯಾ ಅಂದುಕೊಂಡವರಿದ್ದಾರೆ. ಅಲ್ಲ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಈ ಹೆಸರು ಕೊಟ್ಟದ್ದು ಯೋಚನೆ ಮತ್ತು ಭಾವನೆಯ ಕೊಂಡಿ ಕಳಚುವುದಕ್ಕೆ, ಒಬ್ಬರೊಳಗೆ ಇಬ್ಬರಿರುವುದಕ್ಕಲ್ಲ.

ಇನ್ನು ಲೆಕ್ಕ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಬೆಂಗಳೂರಿನ ಸಂಸ್ಥೆಯೇ ನಡೆಸಿದರೂ ಆ 12ರಲ್ಲಿ ಕರ್ನಾಟಕವಿಲ್ಲ. ಪಕ್ಕದ ಕೇರಳ ಇದೆ. ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು: ಖಿನ್ನತೆ, ಆತಂಕ, ಕುಡಿತದ ಚಟ ಎಲ್ಲ ಸೇರಿ. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ಹೊರಟ ಬಸ್ಸಿನಲ್ಲಿ ಐವತ್ತು ಜನರಿದ್ದರೆ ಐವರು ಎಂದಿಟ್ಟುಕೊಳ್ಳಿ. ಸ್ಕಿಜೋಫ್ರೇನಿಯಾ ಮತ್ತು ಅದರ ಬಳಗದ ಕಾಯಿಲೆಗಳು ಜೀವಮಾನದಲ್ಲಿ ಒಮ್ಮೆಯಾದರೂ ಕಾಡಿದವರು ಶೇ. 1.4. ಚಿಕಿತ್ಸೆಯ ಹೊರಗೆ ಉಳಿದವರೇ ಹೆಚ್ಚು. ಆ ಬಸ್ಸಿನ ಐವರಲ್ಲಿ ನಾಲ್ವರು ಬಹುಶಃ ಯಾರಿಗೂ ಹೇಳಿಲ್ಲ.

ದೈವದ ಪಾತ್ರಿಗೆ ದರ್ಶನ ಬರುವುದೂ ಇದೇ ಅಲ್ಲವೇ ಎಂದು ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ದರ್ಶನಕ್ಕೆ ಹೊತ್ತುಗೊತ್ತಿದೆ, ವಾದ್ಯವಿದೆ, ಸುತ್ತ ಊರೇ ಇದೆ. ಮುಗಿದ ಮೇಲೆ ಆತ ಮರುದಿನ ತನ್ನ ತೋಟಕ್ಕೋ ಕೆಲಸಕ್ಕೋ ಹೋಗುತ್ತಾನೆ. ಆ ಹುಡುಗನಿಗೆ ಕೇಳುವ ದನಿಗೆ ಹೊತ್ತಿಲ್ಲ, ಅವನ ಹೊರತು ಸಾಕ್ಷಿಯೂ ಇಲ್ಲ. ಪ್ರಶ್ನೆ ಇಡಿಸುವವರ ಜೊತೆ ನನಗೆ ಜಗಳವಿಲ್ಲ; ಪರಿಹಾರ ಮಾಡಿಸಿ, ಮಾತ್ರೆ ನಿಲ್ಲಿಸಬೇಡಿ.

ಮಾತ್ರೆಯ ದಾರಿ ತೆರೆದದ್ದು 1952ರಲ್ಲಿ, ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಸಿದಾಗ. ದನಿಗಳು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತವೆ. ಆ 'ಉದಾಸೀನ' ಮಾತ್ರ ಮಾತ್ರೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹುಡುಗ ಈಗ ಮನೆಯ ಹತ್ತಿರದ ಅಂಗಡಿಯಲ್ಲಿ ಅರ್ಧ ದಿನ ಲೆಕ್ಕ ಬರೆಯುತ್ತಾನೆ. ಡಿಗ್ರಿಯ ಮಾತು ಅವನೇ ಎತ್ತುವವರೆಗೆ ಎತ್ತಬೇಡಿ ಎಂದಿದ್ದೇನೆ.

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಬರೆದುಕೊಳ್ಳಿ. ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ. ಇನ್ನು ನೀವು ಕೇಳಿ, ಪಾತ್ರಿಯ ಪ್ರಶ್ನೆಯೊಂದನ್ನು ಬಿಟ್ಟು.