ಮಳೆ ಹೋದರೆ ಸಾಲಿಯ ರೊಕ್ಕವೂ ಹೋಯಿತು

ವಿಜಯಪುರಕ್ಕೆ ಬೀಗರು ಬಂದರೆ ನಾವು ಗೋಳಗುಮ್ಮಟ ತೋರಿಸುತ್ತೇವೆ. ನನ್ನ ಕೈಗೆ ಸಿಕ್ಕವರನ್ನು ನಾನು ಅಸರ ಮಹಲಿಗೂ ಎಳೆದೊಯ್ಯುತ್ತೇನೆ. ಈ ಸೀಮೆಯ ಸಾಲಿಗಳು ಯಾರ ರೊಕ್ಕದಲ್ಲಿ ನಡೆದವು ಅನ್ನುವ ಕಥೆ ನನಗೆ ಬಹಳ ವರ್ಷದ ಹುಚ್ಚು. ಅದನ್ನು ಅಲ್ಲಿಂದಲೇ ಶುರು ಮಾಡಬೇಕು.

ಮುಹಮ್ಮದ್ ಆದಿಲ್‌ಶಾಹನ ಕಾಲ, ಅಂದರೆ 1627ರಿಂದ 1656. ಅಸರ ಮಹಲಿನಲ್ಲಿ ಎರಡು ಮದರಸಾ ನಡೆಯುತ್ತಿದ್ದವು. ಕಲಿಯಲು ಬಂದವರಿಗೆ ಅರಮನೆಯ ಊಟ, ಮೇಲೆ ತಿಂಗಳಿಗೊಂದು ಹೊನ್ನು. ಬಿಸಿಯೂಟ, ವಿದ್ಯಾರ್ಥಿವೇತನ ಎರಡೂ ಆಗಲೇ ಇದ್ದವು ನೋಡ್ರಿ! 1686ರಲ್ಲಿ ಔರಂಗಜೇಬ ಕೋಟೆ ಗೆದ್ದ. ಖಜಾನೆ ಕೈಬಿಟ್ಟಿತು, ಅದನ್ನು ನಂಬಿದ್ದ ಮದರಸಾಗಳೂ ಸೊರಗಿದವು. ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು 1853ರಲ್ಲಿ ಇಂಗ್ಲಿಷರು ಲಂಡನ್ನಿಗೆ ಸಾಗಿಸಿದರು. ಆ ನಡುವೆ ಹಳ್ಳಿಗಳಲ್ಲಿ ಅಕ್ಷರ ಉಳಿಸಿದವರು ಗಾಂವಠಿ ಸಾಲಿಯ ಐಗಳು. ಊರವರು ಕೊಟ್ಟ ಕಾಳುಕಡಿಯೇ ಅವರ ಪಗಾರ.

ಮುಂದೆ, ಆಗ ಈ ಸೀಮೆಯನ್ನು ಆಳುತ್ತಿದ್ದ ಮುಂಬಯಿ ಸರ್ಕಾರ ಒಂದು ಉಪಾಯ ಹೂಡಿತು. 1863ರಿಂದ ರೈತ ಕಟ್ಟುವ ಕಂದಾಯದ ರೂಪಾಯಿಗೆ ಒಂದಾಣೆ ಹೆಚ್ಚು ವಸೂಲಿ. ಅದರ ಹೆಸರು ಲೋಕಲ್ ಫಂಡ್. ಅದರಲ್ಲಿ ಮೂರರಲ್ಲೊಂದು ಪಾಲು ಸಾಲಿಗೆ, ಉಳಿದದ್ದು ರಸ್ತೆ ಮುಂತಾದ ಕೆಲಸಕ್ಕೆ. ಅಂದರೆ ಹಳ್ಳಿಯ ಕನ್ನಡ ಸಾಲಿ ಯಾರದೋ ದಾನದ್ದಲ್ಲ, ಬಿಳಿಜೋಳ ಬೆಳೆದವನ ಆಣೆಯದು. ಇದನ್ನು ನಾವು ಮರೆತಿದ್ದೇವೆ.

ಆದರೆ ಆ ಲೆಕ್ಕದಲ್ಲೊಂದು ಹುಳುಕಿತ್ತು. ನಮ್ಮದು ಬರದ ನಾಡು. ಮಳೆ ಕೈಕೊಟ್ಟರೆ ಬೆಳೆಯಿಲ್ಲ, ಕಂದಾಯ ಬಾಕಿ, ಅದಕ್ಕೆ ಅಂಟಿಕೊಂಡ ಆಣೆಯೂ ಬಾಕಿ. 1876ರಿಂದ 78ರ ಬರದಲ್ಲಿ ಈ ಜಿಲ್ಲೆ ನಲುಗಿಹೋಯಿತು. 1872ರಲ್ಲಿ 8 ಲಕ್ಷ ದಾಟಿದ್ದ ಜನ 1881ರ ಗಣತಿಗೆ ಆರೂವರೆ ಲಕ್ಷವೂ ಉಳಿದಿರಲಿಲ್ಲ. ಆಸರೆ ಬೇಕಾದ ಹೊತ್ತಿಗೇ ಸಾಲಿಯ ಪೆಟ್ಟಿಗೆ ಬರಿದು.

ಇಂಥ ಊರಿಗೆ 1904ರಲ್ಲಿ ವಕೀಲಿ ಮಾಡಲು ಧಾರವಾಡದವರೊಬ್ಬರು ಬಂದರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ವಕೀಲಿಯಲ್ಲಿ ನಾಕು ಕಾಸು ಕೂಡಿಸಿ ಆರಾಮಾಗಿ ಇರಬಹುದಿತ್ತು. ಸರ್ಕಾರದ ಪೆಟ್ಟಿಗೆಯನ್ನೇ ನೋಡುತ್ತ ಕೂತರೆ ನಮ್ಮ ಮಕ್ಕಳು ಓದುವುದು ಯಾವಾಗ ಅಂದುಕೊಂಡರೋ ಏನೋ, 1910ರಲ್ಲಿ ಇಲ್ಲಿಯ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಇಂದು ನಾವು ಬಿ.ಎಲ್.ಡಿ.ಇ. ಅನ್ನುವುದು ಅದನ್ನೇ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. 1925ರಲ್ಲಿ ವಚನ ಅಚ್ಚು ಹಾಕಲೆಂದು ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು. ಆಮೇಲೆ ಬಾಡಿಗೆ ಮನೆ, ಹಳೆಯ ಕೋಟು. ಬಿ.ಎಂ.ಶ್ರೀ. ಅವರು ಈ ಊರಿಗೆ ಬಂದಾಗ ಗೋಳಗುಮ್ಮಟ ತೋರಿಸುತ್ತೇವೆ ಬನ್ನಿ ಅಂದರಂತೆ. ಮೊದಲು ವಚನಗುಮ್ಮಟ ನೋಡಬೇಕು ಎಂದು ಅವರು ಹಳಕಟ್ಟಿಯವರ ಮನೆ ಕೇಳಿದರಂತೆ. ಈ ಕಥೆ ನಮ್ಮೂರಲ್ಲಿ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತದೆ. ನನಗಂತೂ ಎಷ್ಟು ಸಲ ಹೇಳಿದರೂ ಸಾಲದು.

ಆದರೂ ಒಂದು ಮಾತು. ಅವರ ಸಂಸ್ಥೆ ಇಂದು ವಿಶ್ವವಿದ್ಯಾಲಯದವರೆಗೆ ಬೆಳೆದಿದೆ. ಬಬಲೇಶ್ವರ, ಟಿಕೋಟಾ ಸುತ್ತಲ ಸಣ್ಣ ಊರಿನ ಒಂದನೇ ಇಯತ್ತೆಗೆ ಅಂಥ ಆಸರೆ ಎಲ್ಲಿದೆ? ಊರಿಗೊಬ್ಬ ಹಳಕಟ್ಟಿ ಹುಟ್ಟುವುದಿಲ್ಲ. ಅಲ್ಲಿ ಸರ್ಕಾರವೇ ಗತಿ.

  

ಆ ಸರ್ಕಾರದ ಈಗಿನ ಲೆಕ್ಕಕ್ಕೆ ಬನ್ನಿ. ಸಮಗ್ರ ಶಿಕ್ಷಣ ಯೋಜನೆ ಬಂದ ಮೇಲೆ ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ. ಮೂವತ್ತು ದಾಟಿ ನೂರರೊಳಗಿದ್ದರೆ ವರ್ಷಕ್ಕೆ 25,000 ರೂಪಾಯಿ, ಮೂವತ್ತರೊಳಗಿದ್ದರೆ 10,000. ಸೀಮೆಸುಣ್ಣ, ಹಾಜರಿ ಪುಸ್ತಕ, ಕಸಬರಿಗೆ, ಕರೆಂಟ್ ಬಿಲ್ಲು, ಕೆಟ್ಟ ನಳ ಎಲ್ಲಕ್ಕೂ ಅಷ್ಟರಲ್ಲೇ. ಬಿಸಿಯೂಟದ ಲೆಕ್ಕವೂ ತಲೆಯದೇ: 25 ಮಕ್ಕಳವರೆಗೆ ಒಬ್ಬರೇ ಅಡುಗೆಯವರು, ಒಂದು ಹೆಚ್ಚಾದರೆ ಇಬ್ಬರು. ಮಕ್ಕಳು ಕಡಿಮೆಯಾದರೆ ಒಬ್ಬ ಅಡುಗೆ ಅಕ್ಕನ ಗೌರವಧನಕ್ಕೂ ಕುತ್ತು. ಒಬ್ಬ ಮಾಸ್ತರು ‘ಹೆಚ್ಚುವರಿ’ ಆಗಿ ಬೇರೆ ಊರಿಗೆ ಹೋಗುತ್ತಾರೆ. ಉಳಿದವರು ಒಂದರಿಂದ ಐದನೇ ಇಯತ್ತೆಯವರೆಗೂ ಒಂದೇ ಖೋಲಿಯಲ್ಲಿ ಕೂರಿಸಿಕೊಂಡು ಕಲಿಸಬೇಕು. ಅದನ್ನು ನೋಡಿದ ತಂದೆತಾಯಿ ಸಾಲ ಮಾಡಿಯಾದರೂ ಮಗನನ್ನು ವಿಜಯಪುರದ ಇಂಗ್ಲಿಷ್ ಸ್ಕೂಲಿನ ವ್ಯಾನು ಹತ್ತಿಸುತ್ತಾರೆ. ತಲೆ ಇನ್ನಷ್ಟು ಕಡಿಮೆ! ಕೊನೆಗೆ ಉಳಿಯುವವರು ವ್ಯಾನಿನ ರೊಕ್ಕ ಇಲ್ಲದವರು, ಮತ್ತೆ ಹೆಣ್ಣುಮಕ್ಕಳು.

ಇನ್ನು ಬರ ಬಿದ್ದರೆ? ತಾಂಡಾಗಳ ಜನ ಮುಕಾದಮನ ಕೈಯಿಂದ ಮುಂಗಡ ಹಿಡಿದು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಮಕ್ಕಳೂ ಅವರ ಜೊತೆ ಟ್ರ್ಯಾಕ್ಟರ್ ಹತ್ತುತ್ತವೆ. ಸಾಲಿ ಖಾಲಿ. ಆಗ ಕಂದಾಯದ ಆಣೆ ಹೋಗುತ್ತಿತ್ತು, ಈಗ ತಲೆಯ ಲೆಕ್ಕ ಹೋಗುತ್ತದೆ. ನೂರೈವತ್ತು ವರ್ಷ ಕಳೆದರೂ ಮಳೆ ಹೋದ ದಾರಿಯಲ್ಲೇ ಸಾಲಿಯ ರೊಕ್ಕ ಹೋಗುವುದು ತಪ್ಪಿಲ್ಲ.

ಈ ಕೊರತೆ ತುಂಬಲೆಂದೋ ಏನೋ, 2022ರ ಅಕ್ಟೋಬರದಲ್ಲಿ ನಮ್ಮ ಸರ್ಕಾರ ಸರ್ಕಾರಿ ಸಾಲಿಯ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಸುತ್ತೋಲೆ ಹೊರಡಿಸಿತು. ಗದ್ದಲ ಎದ್ದಿತು, ಕೆಲವೇ ದಿನದಲ್ಲಿ ಹಿಂದಕ್ಕೆ ಪಡೆಯಿತು. ಒಳ್ಳೆಯದಾಯಿತು. ಉಳ್ಳವರು ಆಗಲೇ ವ್ಯಾನು ಹತ್ತಿಸಿ ಆಗಿದೆ. ಆ ನೂರು ರೂಪಾಯಿ ಕೊಡಬೇಕಾದವರು ಕೂಲಿಯವರೇ ಅಲ್ಲವೇ?

ನನ್ನ ಬೇಡಿಕೆ ಸಣ್ಣದು. ಬರಪೀಡಿತ ಎಂದು ಸರ್ಕಾರವೇ ಸಾರಿದ ತಾಲೂಕಿನಲ್ಲಿ ಆ ವರ್ಷ ತಲೆ ಎಣಿಸಬಾರದು. ಹಿಂದಿನ ವರ್ಷದ ಅನುದಾನ, ಮಾಸ್ತರು, ಅಡುಗೆಯವರು ಹಾಗೆಯೇ ಮುಂದುವರಿಯಬೇಕು. ಗುಳೆ ಹೋದ ಮಕ್ಕಳು ತಿರುಗಿ ಬಂದಾಗ ಅವರಿಗೊಂದು ಸಾಲಿ ಇರಬೇಕಲ್ಲ. ನಿಮ್ಮೂರಲ್ಲಿ ಮುಂದಿನ ಗ್ರಾಮಸಭೆ ನಡೆದಾಗ ಈ ಮಾತು ಎತ್ತಿ. ಠರಾವು ಬರೆಸಿ, ಸಹಿ ಮಾಡಿ. ಸಾಲಿಗೆ ಈ ವರ್ಷ ಎಷ್ಟು ಬಂತು ಅಂತಲೂ ಕೇಳಿ. ಆಣೆ ಕೊಟ್ಟವರ ಮೊಮ್ಮಕ್ಕಳು ನಾವು. ಲೆಕ್ಕ ಕೇಳುವ ಹಕ್ಕು ನಮಗಿದೆ.