ಎಸೆಯುವ ಕಲ್ಲಿಗೂ ಒಂದು ಪರೀಕ್ಷೆ



ಇಳಕಲ್ಲಿನಲ್ಲಿ ಶಿಲೆ, ಖನಿಜಗಳ ಪ್ರದರ್ಶನ ಎಂದಾಗ ಹೊಳಪು ಕೊಟ್ಟ ಕೆಂಪು ಗ್ರಾನೈಟ್ ನೋಡಬೇಕೆಂದೇ ಬಹಳ ಜನ ಬಂದಿದ್ದೀರಿ. ನೋಡಿ, ಹೆಮ್ಮೆಪಡಿ. ನನಗೆ ಮಾತಾಡಬೇಕಿರುವುದು ಮೂಲೆಯ ಮೇಜಿನ ಮೇಲಿರುವ, ಯಾರೂ ಕೊಳ್ಳದ ಕಲ್ಲುಗಳ ಬಗ್ಗೆ. ಗಣಿ ಅಗೆಯುವಾಗ ಬೇಡವೆಂದು ಬದಿಗೆ ಸುರಿದವು ಇವು. ಅದಿರು ಲಾರಿ ಹತ್ತಿ ಹೋಗುತ್ತದೆ. ಈ ರಾಶಿ ಮೊಮ್ಮಕ್ಕಳ ಕಾಲಕ್ಕೂ ಊರಿನಲ್ಲೇ ಇರುತ್ತದೆ.

ಕೆಲವು ಕಲ್ಲಿನಲ್ಲಿ ಪೈರೈಟ್ ಇರುತ್ತದೆ. ಕಬ್ಬಿಣ, ಗಂಧಕ ಕೂಡಿ ಆದ, ಬಂಗಾರದಂತೆ ಮಿನುಗುವ ಖನಿಜ. ನೆಲದಾಳದಲ್ಲಿ ಇದ್ದಷ್ಟು ದಿನ ಅದರ ತಂಟೆಯಿಲ್ಲ. ಒಡೆದು ಹೊರಗೆ ಹಾಕಿದರೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ, ಕಲ್ಲಿನಲ್ಲಿರುವ ಲೋಹಗಳನ್ನು ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಕಲ್ಲಿದ್ದಲು ಗಣಿಗಳ ಇಂಥ ನೀರು ಸೇರಿ ಎಷ್ಟೋ ಹೊಳೆಗಳಲ್ಲಿ ಮೀನು ಇಲ್ಲದಂತಾಯಿತು. ನಮ್ಮದು ಮಳೆ ಕಡಿಮೆ ಸೀಮೆ, ನಮಗೇಕೆ ಈ ಚಿಂತೆ ಎನ್ನಬೇಡಿ. ಒಣ ನಾಡಿನಲ್ಲಿ ಆಮ್ಲ ಹೊತ್ತ ಲವಣಗಳು ಬೇಸಿಗೆಯಿಡೀ ರಾಶಿಯ ಮೇಲೆ ಕೂಡಿಕೊಳ್ಳುತ್ತವೆ. ಮೊದಲ ದೊಡ್ಡ ಮಳೆ ಅಷ್ಟನ್ನೂ ಒಮ್ಮೆಲೇ ಬಳಿದು ಒಯ್ಯುತ್ತದೆ.

ಇಳಕಲ್ ಗ್ರಾನೈಟಿನ ಬಗ್ಗೆ ಈ ಭಯ ಬೇಡ, ಅಂಥ ಕಲ್ಲಿನಲ್ಲಿ ಗಂಧಕ ಅತ್ಯಲ್ಪ. ಬಾದಾಮಿಯ ಮರಳುಗಲ್ಲು ಬಹುಪಾಲು ಬೆಣಚು. ಆಮ್ಲ ಹುಟ್ಟಿಸುವುದಿಲ್ಲ, ತಣಿಸುವುದೂ ಇಲ್ಲ. ಬಾಗಲಕೋಟೆ, ಲೋಕಾಪುರದ ಸುಣ್ಣದ ಕಲ್ಲು ತಣಿಸುತ್ತದೆ. ಎಚ್ಚರ ಬೇಕಿರುವುದು ಹುನಗುಂದ–ಕುಷ್ಟಗಿ ಪಟ್ಟಿಯ ಹಸಿರು ಶಿಲೆಗಳಲ್ಲಿ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಬಂಗಾರ ಸಿಗುವುದು ಇಂಥದೇ ಶಿಲೆಯಲ್ಲಿ, ಪೈರೈಟ್ ಮತ್ತು ಆರ್ಸೆನಿಕ್ ಇರುವ ಆರ್ಸೆನೊಪೈರೈಟ್ ಜೊತೆಗೆ.

ಹಾಗಾದರೆ ಯಾವ ಕಲ್ಲು ಕೆಟ್ಟದ್ದು ಎಂದು ತಿಳಿಯುವುದು ಹೇಗೆ? ಕಣ್ಣಂದಾಜು ಸಾಲದು. ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ ಮೊದಲು ಗಂಧಕ ಅಳೆಯುತ್ತಾರೆ. ಪೈರೈಟಿನ ರೂಪದ ಗಂಧಕ ಶೇ 1 ಇದ್ದರೆ, ಒಂದು ಟನ್ ಕಲ್ಲಿನಿಂದ ಬರುವ ಆಮ್ಲ ತಣಿಸಲು 31.25 ಕೆ.ಜಿ. ಶುದ್ಧ ಸುಣ್ಣದ ಕಲ್ಲು ಬೇಕು. ಆಮೇಲೆ ಅದೇ ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕಾಯಿಸಿ, ಎಷ್ಟು ಆಮ್ಲ ಉಳಿಯಿತೆಂದು ನೋಡುತ್ತಾರೆ. ಕಲ್ಲು ತಾನೇ ಎಷ್ಟು ತಣಿಸಬಲ್ಲದು ಎಂಬುದು ಅದರಿಂದ ಗೊತ್ತಾಗುತ್ತದೆ. ತಣಿಸುವ ಶಕ್ತಿ ಹುಟ್ಟುವ ಆಮ್ಲಕ್ಕಿಂತ ಕಡಿಮೆಯಿದ್ದರೆ ಅಪಾಯ, ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಡುವೆ ಬಿದ್ದರೆ ಕಾಯಬೇಕು. ಒಡೆದ ಕಲ್ಲಿಗೆ ಪ್ರತಿ ವಾರ ಮೂರು ದಿನ ಒಣ ಗಾಳಿ, ಮೂರು ದಿನ ತೇವದ ಗಾಳಿ ಹಾಯಿಸಿ, ಏಳನೆಯ ದಿನ ತೊಳೆದು ಆ ನೀರನ್ನು ಪರೀಕ್ಷಿಸುತ್ತಾರೆ. ಕನಿಷ್ಠ 20 ವಾರದ ಕೆಲಸ. ಗಣಿಯ ಆತುರಕ್ಕೆ ಅದು ದೀರ್ಘ ಎನಿಸಬಹುದು. ಆ ರಾಶಿ ಊರಿನಲ್ಲಿ ಉಳಿಯುವ ಕಾಲದ ಮುಂದೆ 20 ವಾರ ಏನೂ ಅಲ್ಲ.

ಇನ್ನೊಂದು ಮಾತು, ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಆಮ್ಲ ಬರಲಿಲ್ಲ ಎಂದ ಮಾತ್ರಕ್ಕೆ ನೀರು ಒಳ್ಳೆಯದಾಯಿತು ಎಂದಲ್ಲ. ಆರ್ಸೆನಿಕ್, ಅಂದರೆ ಪಾಷಾಣ, ಹುಳಿಯಿಲ್ಲದ ನೀರಿನಲ್ಲೂ ಕರಗಬಲ್ಲದು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿ ಅದು ಸೇರಿ ಬಡವರು ಚರ್ಮದ ರೋಗಗಳಿಂದ ನರಳಿದ್ದನ್ನು ಈ ಭಾಗದವರಾದ ನಾವು ಮರೆಯಬಾರದು. ಆದ್ದರಿಂದ ತೊಳೆದ ನೀರಿನಲ್ಲಿ ಲೋಹಗಳನ್ನೂ ಅಳೆಯಲೇಬೇಕು.

ಗಣಿಯ ಕಲ್ಲು ಪುಕ್ಕಟೆ ಸಿಗುತ್ತದೆಂದು ಹೊಲದ ಒಡ್ಡಿಗೆ, ಕೆರೆಯ ಏರಿಗೆ, ರಸ್ತೆಯ ಖಡಿಗೆ ತರುವವರು ಪರೀಕ್ಷೆಯ ವರದಿ ಕೇಳಿ. ಗ್ರಾಮ ಪಂಚಾಯಿತಿಯ ಸದಸ್ಯರು ಹೊಸ ಗಣಿಯ ಅಹವಾಲು ಸಭೆಯಲ್ಲಿ ಕೇಳಿ: ಯಾವ ಕಲ್ಲನ್ನು ಎಲ್ಲಿ ಸುರಿಯುತ್ತೀರಿ, ಎಷ್ಟು ಮಾದರಿ ಪರೀಕ್ಷಿಸಿದ್ದೀರಿ? ಮೂಲೆಯ ಮೇಜಿನಲ್ಲಿ ಮಕ್ಕಳು ಸುಣ್ಣದ ಕಲ್ಲಿಗೂ ಗ್ರಾನೈಟಿಗೂ ಆಮ್ಲದ ಹನಿ ಹಾಕಿ ತೋರಿಸಲಿದ್ದಾರೆ, ಮೊದಲು ಅಲ್ಲಿಗೆ ಹೋಗಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.