ಸಾರ್ವಜನಿಕ ಭೂಮಿಯೂ ಪ್ರಾಚೀನಾವಶೇಷಗಳ ಸಂರಕ್ಷಣೆಯೂ



ಮಹೋತ್ಸವವೆಂಬುದು ಹಿರಿಯರಿಂದ ಬಂದುದನ್ನು ಎಣಿಸಿಕೊಳ್ಳತಕ್ಕ ಕಾಲ. ಮಠಗಳಿಗೆ ಹಿರಿಯರಿಂದ ಬಂದುದು ವಿದ್ಯೆ, ದಾಸೋಹ, ಆಚಾರ ಎಂಬುದು ಸರ್ವವಿದಿತ. ಆದರೆ ಇವುಗಳಿಗೆ ಸಾಕ್ಷಿ ಹೇಳುವ ಕಲ್ಲುಗಳು ಬಹುಮಟ್ಟಿಗೆ ಮಠಗಳ ಆವರಣದೊಳಗಿಲ್ಲ. ಅವು ಗೋಮಾಳದಲ್ಲಿ, ಕೆರೆಯ ಏರಿಯ ಮೇಲೆ, ಹೊಳೆಯ ದಡದಲ್ಲಿ, ಹಾದಿಯ ಬದಿಯಲ್ಲಿ, ಎಂದರೆ ಸರ್ವರಿಗೂ ಸೇರಿದ ಭೂಮಿಯಲ್ಲಿ ನಿಂತಿವೆ. ಎಲ್ಲರಿಗೂ ಸೇರಿದುದನ್ನು ಯಾರೂ ಕಾಯುವುದಿಲ್ಲವೆಂಬುದು ಲೋಕಾನುಭವ. ಇಂದಿನ ವಿಚಾರಕ್ಕೆ ಇದೇ ಮೂಲ.

ಒಂದು ಕಲ್ಲಿನ ಬೆಲೆ ಎಷ್ಟೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ದೊರೆತ ಕ್ರಿ.ಶ. 1260ರ ಶಾಸನವು ಸಂಗನ ಬಸವನನ್ನು ಹೆಸರಿಸಿ ಅವನ ತಂದೆಯನ್ನೂ ಸ್ಥಳವನ್ನೂ ಸೂಚಿಸುತ್ತದೆ. ಬಸವಣ್ಣನವರ ಚರಿತ್ರೆಯನ್ನು ಪುರಾಣಗಳ ಹೊರಗೆ ಹುಡುಕುವವರಿಗೆ ಈ ಕಲ್ಲೇ ದೊಡ್ಡ ಆಧಾರ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ 1162ರ ಶಾಸನವು ಅಲ್ಲಿಯ ಕೋಡಿಯಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಕಾವ್ಯಗಳು ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದುವು. ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನವು ದೊರೆಯುತ್ತಿತ್ತು. ರೋಗಿಗಳಿಗೆ ಔಷಧೋಪಚಾರವು ನಡೆಯುತ್ತಿತ್ತು. ಈ ಎರಡು ಕಲ್ಲುಗಳೂ ಯಾವನೋ ಒಬ್ಬನ ಮನೆಯ ಅಡಿಪಾಯಕ್ಕೆ ಹೋಗಿದ್ದರೆ ನಾಡಿನ ಜ್ಞಾಪಕದಿಂದ ಎಷ್ಟು ಅಳಿದುಹೋಗುತ್ತಿತ್ತೆಂಬುದನ್ನು ಊಹಿಸಬಹುದು.

ಹೀಗೆ ಅಳಿಯುವುದು ದ್ವೇಷದಿಂದಲೇ ಎಂದು ಭಾವಿಸಬೇಕಾಗಿಲ್ಲ, ಭಕ್ತಿಯಿಂದಲೂ ಅಳಿಯುತ್ತದೆ. ಭೀಮಾನದಿಯ ದಡದ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದೊಳಗಿನ ಕಾಳಿಗುಡಿಯ ಛಾವಣಿಯು 1986ರಲ್ಲಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಚಪ್ಪಡಿಯನ್ನು ನೋಡಲಾಗಿ ಅದರಲ್ಲಿ ಅಶೋಕನ ಶಾಸನಗಳಿದ್ದುವು. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಚಪ್ಪಡಿಯ ನಡುವೆ ಹಿಂದಿನವರು ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಮರಳಿ ಬರುವಂತಿಲ್ಲ. ಕೊರೆದವರು ದೇವರ ಸೇವೆಯನ್ನೇ ಮಾಡಿದರು; ಕಲ್ಲಿನ ಮೇಲೆ ಏನಿದೆ ಎಂದು ಅವರಿಗೆ ತಿಳಿಸುವವರಿರಲಿಲ್ಲ. ಇದಕ್ಕೆ ಪ್ರತಿಯಾಗಿ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರನಾದ ಬೀಡನ್ ಎಂಬವನು ಬಂಡೆಯ ಮೇಲಿನ ಬರಹವನ್ನು ಕಂಡು ಲೋಕಕ್ಕೆ ತಿಳಿಸಿದನು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಆ ಬಂಡೆಯಿಂದ ದೃಢವಾಯಿತು. ಅವನು ಶಾಸನತಜ್ಞನಲ್ಲ, ಕಂಡುದನ್ನು ಉಪೇಕ್ಷಿಸದೆ ಇದ್ದುದೇ ಅವನ ಗುಣ.

ಶಾಸನವಿಲ್ಲದ ವಸ್ತುವಿಗೂ ಮಾತುಂಟು. ಆದರೆ ಅದು ತನ್ನ ನೆಲೆಯಲ್ಲಿದ್ದಾಗ ಮಾತ್ರ. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ವ್ಹೀಲರ್ ಪಂಡಿತನು ಅಗೆದಾಗ ಕಾಲವು ಗೊತ್ತಿದ್ದ ರೋಮನ್ ಮಡಕೆಗಳ ಸಂಗಡ ಚಕ್ರದ ಗೆರೆಗಳುಳ್ಳ ಒಂದು ಬಗೆಯ ಬೋಕಿಗಳು ಸಿಕ್ಕಿದುವು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅದೇ ಬಗೆಯ ಬೋಕಿಗಳು ಮೇಲಿನ ಪದರದಲ್ಲಿ ದೊರೆತುವು. ಅದರ ಕೆಳಗೆ ಬೃಹತ್ ಶಿಲಾಗೋರಿಗಳ ಜನರ ಪದರ, ಅದಕ್ಕೂ ಕೆಳಗೆ ನುಣುಪಾದ ಕಲ್ಲುಕೊಡಲಿಗಳ ಜನರ ಪದರ. ಹೀಗೆ ದಕ್ಷಿಣದೇಶದ ಪ್ರಾಚೀನ ಕಾಲಗಣನೆಗೆ ಮೊದಲ ಗಟ್ಟಿಯಾದ ನೆಲೆಯು ಸಿಕ್ಕಿತು. ಆ ಬೋಕಿಯನ್ನು ಯಾರಾದರೂ ಎತ್ತಿ ಮನೆಗೆ ಒಯ್ದಿದ್ದರೆ ಅದು ಬರಿಯ ಮಣ್ಣಿನ ಚೂರು.

ಆದುದರಿಂದಲೇ ಸಾರ್ವಜನಿಕ ಭೂಮಿಯಲ್ಲಿ ಕಾಲುವೆ, ರಸ್ತೆ, ಕಟ್ಟಡಗಳ ಕೆಲಸ ಆರಂಭವಾಗುವುದಕ್ಕೆ ಮೊದಲು ಸ್ಥಳಪರಿಶೀಲನೆಯು ನಡೆಯತಕ್ಕದ್ದು. ದಿಬ್ಬಗಳು, ಬೂದಿಯ ಗುಡ್ಡೆಗಳು, ಬೋಕಿ ಚೆಲ್ಲಿದ ನೆಲ ಇವುಗಳನ್ನು ನಕ್ಷೆಯಲ್ಲಿ ಗುರುತಿಸತಕ್ಕದ್ದು. ಅಗೆಯುವಾಗಲೂ ಬಲ್ಲವನೊಬ್ಬನು ಹಳ್ಳದ ಬಳಿಯಲ್ಲಿದ್ದು ನೋಡುತ್ತಿರಬೇಕು. ಮಣ್ಣಿನ ಬಣ್ಣ ಬದಲಾದರೆ, ಇಟ್ಟಿಗೆಯ ಸಾಲೊಂದು ಕಂಡರೆ, ಎಲುಬು ಕಂಡರೆ ಗುದ್ದಲಿಯು ನಿಲ್ಲಬೇಕು. ಆಳವನ್ನು ಅಳೆದು, ಚಿತ್ರ ತೆಗೆದು, ಬರೆದಿಟ್ಟ ಮೇಲೆಯೇ ಮುಂದಿನ ನಿರ್ಣಯ: ದಾರಿಯನ್ನು ತುಸು ಓರೆಮಾಡುವುದೋ, ಕ್ರಮವಾಗಿ ಉತ್ಖನನ ಮಾಡುವುದೋ ಎಂದು. ಮೊದಲೇ ವಿಚಾರಿಸಿದರೆ ಕೆಲಸವೂ ಉಳಿಯುತ್ತದೆ, ಅವಶೇಷವೂ ಉಳಿಯುತ್ತದೆ. ತಡವಾಗಿ ವಿಚಾರಿಸಿದರೆ ಎರಡಕ್ಕೂ ಹಾನಿ. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಳಿಕ ಅಲ್ಲಿ ಸೇತುವೆಗಳ ನಿರ್ಮಾಣಕ್ಕೆ ಕೈಹಾಕಿದುದರಿಂದ 1999ರಲ್ಲಿ ಅಪಾಯದ ಪಟ್ಟಿಗೂ ಸೇರಬೇಕಾಯಿತು. 2006ರಲ್ಲಿ ಆ ಕಳಂಕ ಕಳೆಯಿತು. ಬಹುಕಾಲ ನಿಂತುಹೋಗಿದ್ದ ಆನೆಗೊಂದಿಯ ಸೇತುವೆಯು 2009ರಲ್ಲಿ ಕುಸಿದು ಜೀವಹಾನಿಯಾಯಿತು. ಹೊಳೆಯಾಚೆಯ ಜನರಿಗೆ ದಾರಿ ಬೇಕಾಗಿದ್ದುದೂ ನಿಜವೇ. ಮೊದಲೇ ಕುಳಿತು ಯೋಚಿಸಿದ್ದರೆ ಉಭಯರ ಹಿತವೂ ಸಾಧಿಸುತ್ತಿತ್ತು.

ಕಾಯಿದೆಗಳಿಗೆ ಕೊರತೆಯಿಲ್ಲ. 1878ರ ನಿಕ್ಷೇಪದ ಕಾಯಿದೆ, 1904ರ ಪ್ರಾಚೀನ ಸ್ಮಾರಕಗಳ ಕಾಯಿದೆ, 1958ರ ಕೇಂದ್ರದ ಕಾಯಿದೆ, 1961ರ ಕರ್ನಾಟಕದ ಕಾಯಿದೆ ಇವು ಒಂದರ ಹಿಂದೊಂದು ಬಂದುವು. 2010ರ ತಿದ್ದುಪಡಿಯಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರುಗಳೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ 200 ಮೀಟರುಗಳಲ್ಲಿ ಅನುಮತಿ ಅವಶ್ಯ. ಸ್ಮಾರಕದ ನೆರಳಿನಲ್ಲಿ ವಾಸಿಸುವ ಬಡವನಿಗೆ ಇದು ಭಾರವೆಂಬುದನ್ನು ಮರೆಮಾಚಬಾರದು. ಆ ಭಾರವನ್ನು ಅವನೊಬ್ಬನ ಮೇಲೆಯೇ ಹೊರಿಸದೆ ಸಮಾಜವು ಹಂಚಿಕೊಳ್ಳುವುದೇ ನ್ಯಾಯ.

ಎಲ್ಲವನ್ನೂ ಉಳಿಸಲಾಗದ ಪ್ರಸಂಗಗಳೂ ಉಂಟು. ಕೃಷ್ಣಾನದಿಯೇ ಇದಕ್ಕೆ ಸಾಕ್ಷಿ. ನಾಗಾರ್ಜುನಕೊಂಡದ ಕಣಿವೆಯು ಅಣೆಕಟ್ಟಿನ ನೀರಿಗೆ ಸೇರುವುದೆಂದು ಗೊತ್ತಾದಾಗ 1954ರಿಂದ 1960ರವರೆಗೆ ಉತ್ಖನನ ನಡೆಯಿತು. ಮುಖ್ಯವಾದ ಕೆಲವು ಕಟ್ಟಡಗಳನ್ನು ಎತ್ತರದ ನೆಲಕ್ಕೆ ಸಾಗಿಸಿ ಪುನಃ ನಿಲ್ಲಿಸಿದರು. ಬೆಟ್ಟವು ದ್ವೀಪವಾಯಿತು, ಉಳಿದುದು ಮುಳುಗಿತು. ಶ್ರೀಶೈಲದ ಜಲಾಶಯವಾಗುವಾಗ ಕೃಷ್ಣಾ ತುಂಗಭದ್ರೆಗಳು ಕೂಡುವಲ್ಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಬಿಚ್ಚಿ ಆಲಂಪುರದಲ್ಲಿ ಪುನಃ ಕಟ್ಟಿದರು. ಕೃಷ್ಣಾ ಮಲಪ್ರಭೆಗಳ ಕೂಡಲಸಂಗಮದಲ್ಲಿಯಾದರೋ ಬೇರೆ ದಾರಿಯನ್ನು ಹಿಡಿದರು. ಬಸವಣ್ಣನವರ ಐಕ್ಯಸ್ಥಳವನ್ನು ಕದಲಿಸದೆ, ನಾರಾಯಣಪುರದ ಜಲಾಶಯದ ನೀರು ಒಳನುಗ್ಗದಂತೆ ಸುತ್ತಲೂ ಬಾವಿಯಾಕಾರದ ಗೋಡೆಯನ್ನು ಎಬ್ಬಿಸಿದರು. ಇಂದು ಭಕ್ತರು ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುತ್ತಾರೆ. ಕೆಲವು ಸ್ಥಳಗಳ ಮಹಿಮೆ ಕಲ್ಲಿನಲ್ಲಿದೆ, ಅವನ್ನು ಸಾಗಿಸಬಹುದು. ಕೆಲವುಗಳ ಮಹಿಮೆ ನೆಲೆಯಲ್ಲಿಯೇ ಇದೆ, ಅವನ್ನು ಸಾಗಿಸಲಾಗದು. ಈ ವಿವೇಕವೇ ಸಂರಕ್ಷಣೆಯ ಸಾರ.

ಇನ್ನು ಭಕ್ತರ ಕರ್ತವ್ಯ. ಇಲಾಖೆಯ ನೌಕರರು ಎಲ್ಲ ಹಳ್ಳಿಗಳಲ್ಲಿಯೂ ಇರಲಾರರು. ಮಠದ ಶಿಷ್ಯರು ಹಳ್ಳಿಹಳ್ಳಿಗಳಲ್ಲಿಯೂ ಇದ್ದಾರೆ. ಉಳುವಾಗ ಅಕ್ಷರದ ಕಲ್ಲು ಸಿಕ್ಕಿದರೆ ಅದನ್ನು ಅಲ್ಲಿಯೇ ಬಿಟ್ಟು ತಹಸೀಲ್ದಾರರಿಗಾಗಲಿ ಪುರಾತತ್ತ್ವ ಇಲಾಖೆಗಾಗಲಿ ತಿಳಿಸಲಿ. ವೀರಗಲ್ಲು, ಶಾಸನಗಳ ಮೇಲೆ ಸುಣ್ಣವನ್ನೂ ಎಣ್ಣೆಬಣ್ಣವನ್ನೂ ಬಳಿಯದಿರಲಿ. ಅಕ್ಷರಗಳು ಅದರಡಿಯಲ್ಲಿ ಮುಚ್ಚಿಹೋಗುತ್ತವೆ. ಜೀರ್ಣೋದ್ಧಾರಕ್ಕೆ ಕೈಹಾಕುವುದಕ್ಕೆ ಮೊದಲು ಹಳೆಯ ಕಲ್ಲುಗಳ ಲೆಕ್ಕವನ್ನು ಬರೆದಿಡಲಿ. ನಿಧಿಯಾಸೆಯಿಂದ ಲಿಂಗದ ಬುಡವನ್ನೂ ನಂದಿಯ ಪೀಠವನ್ನೂ ಅಗೆಯುವ ಪಾತಕಿಗಳು ಇಂದಿಗೂ ಇದ್ದಾರೆ. ಅವರನ್ನು ತಡೆಯುವುದಕ್ಕೆ ಊರಿನ ಕಣ್ಣಿಗಿಂತ ದೊಡ್ಡ ಕಾವಲಿಲ್ಲ.

ಬಳ್ಳಿಗಾವಿಯಲ್ಲಿ 1162ರಲ್ಲಿ ಕಲ್ಲಿಗೆ ಉಳಿ ಹಿಡಿದವನು ತನ್ನ ಕಾಲದ ಅನ್ನದಾನವನ್ನು ಮುಂದಿನವರು ಅರಿಯಲೆಂದು ಕೆತ್ತಿದನು. ಆ ಮುಂದಿನವರು ಇಂದಿನವರೇ. ಇವರಿಗೂ ಮುಂದೆ ಬರುವವರುಂಟು. ಅವರ ಪಾಲಿನದನ್ನು ಅವರಿಗೆ ಒಪ್ಪಿಸುವುದೂ ದಾಸೋಹವೇ.